ಏಳು ದಿನದ ಮೌನ

ಆವೃತ್ತಿ ಬಿಡುಗಡೆ ಸಮಿತಿಯ ಅಧ್ಯಕ್ಷರಿಗೆ,

ನಮಸ್ಕಾರ. ನಾವೆಲ್ಲ ಸಂಬಳವಿಲ್ಲದೆ ಸೇರಿ ಕಟ್ಟುತ್ತಿರುವ ಈ ಆಪರೇಟಿಂಗ್ ಸಿಸ್ಟಮ್‌ನಲ್ಲಿ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಭಾಗವನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು. ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ನಿಮಗೆ ಹೇಳುವ ಪ್ರಸಂಗ ಈವರೆಗೆ ಬಂದಿರಲಿಲ್ಲ.

ಮುಂದಿನ ಆವೃತ್ತಿಯಿಂದ ಆ ಭಾಗವನ್ನು ಕೈಬಿಟ್ಟಿದ್ದೀರಿ. “ಸೂಚನೆ ಹಾಕಿ ಏಳು ದಿನವಾಯಿತು, ಯಾರೂ ಆಕ್ಷೇಪಿಸಲಿಲ್ಲ, ನಿಯಮದಂತೆ ಮೌನವೇ ಸಮ್ಮತಿ” ಎಂದು ನಿನ್ನೆ ಬರೆದಿದ್ದೀರಿ. ನಿಯಮವೇನೋ ಸರಿ. ಅದು ಮತಕ್ಕೆ ಬಂದಾಗ ಪರವಾಗಿ ಕೈಯೆತ್ತಿದವರಲ್ಲಿ ನಾನೂ ಒಬ್ಬಳು.

ಆದರೆ ಆ ಸೂಚನೆಯನ್ನು ನೀವು ನಮ್ಮ ಚರ್ಚಾಪುಟದಲ್ಲಿ ಅಕ್ಷರವಾಗಿ ಅಲ್ಲ, ಚಿತ್ರವಾಗಿ ಹಾಕಿದ್ದಿರಿ. ನನ್ನ ಕಂಪ್ಯೂಟರ್ ಏಳು ದಿನವೂ ಅದನ್ನು “ಚಿತ್ರ” ಎಂದಷ್ಟೇ ಓದಿತು. ಯಾರೋ ತಮ್ಮ ಬೆಕ್ಕಿನ ಫೋಟೊ ಹಾಕಿರಬೇಕು ಅಂದುಕೊಂಡು ಮುಂದೆ ಹೋದೆ. ನಿನ್ನೆ ನಿಮ್ಮ ತೀರ್ಮಾನ ಕೇಳಿದ ಮೇಲೆ ತಂಗಿಯನ್ನು ಕರೆದು ಆ ಚಿತ್ರ ತೋರಿಸಿದೆ. “ಅಕ್ಕಾ, ಬೆಕ್ಕೂ ಇಲ್ಲ ಗಿಕ್ಕೂ ಇಲ್ಲ ಕಣೇ! ನಿನ್ನ ಕೆಲಸಾನೇ ಕಿತ್ತುಹಾಕ್ತೀವಿ ಅಂತ ಬರೆದಿದಾರೆ” ಅಂದಳು. ಕುರುಡರಿಗೆ ಕನ್ನಡಿ ಹಿಡಿಯುವುದು ಬರೀ ಮಾತಿಗೆ ಅಂದುಕೊಂಡಿದ್ದೆ. ನೀವು ಹಿಡಿದೇ ತೋರಿಸಿದಿರಿ.

ದಯೆ ತೋರಿಸಿ ಎಂದು ಬೇಡಲು ಬರೆಯುತ್ತಿಲ್ಲ. ಆ ಭಾಗವನ್ನು ಮರಳಿ ಸೇರಿಸುವ ಪ್ರಸ್ತಾಪವನ್ನು ಇದರ ಜೊತೆಗೇ ಕಳಿಸಿದ್ದೇನೆ. ಆಕ್ಷೇಪವಿದ್ದವರು ಏಳು ದಿನದೊಳಗೆ ಬರೆಯಲಿ, ಅಕ್ಷರದಲ್ಲಿ. ಚಿತ್ರವಾಗಿ ಬಂದದ್ದನ್ನೆಲ್ಲ ನಾನು ಮೌನದ ಲೆಕ್ಕಕ್ಕೆ ಸೇರಿಸುತ್ತೇನೆ.

ಇಂತಿ,
ನಿಮ್ಮದೇ ನಿಯಮಕ್ಕೆ ಬದ್ಧಳಾದ
ಓದಿ ಹೇಳುವವಳು