ಇಲ್ಲದ ಕಂಪನಿಯ ದೋಣಿ

೩ ಮಾರ್ಚ್ ೧೯೮೬, ಸೋಮವಾರ

ಬೆಳಿಗ್ಗೆಯಿಂದ ಕಂಪ್ಯೂಟರ್ ಗೇಮ್ ಕ್ಯಾಸೆಟ್‌ಗಳ ಕಾಪಿ. ಒಂದು ಟೇಪ್ ರೆಕಾರ್ಡರಿನಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್. ಟೇಪಿನಲ್ಲಿ ಗೇಮ್ ಅಂದರೆ ಬರೀ ಕೀರಲು ಸದ್ದು; ಕಿವಿ ಜಡ್ಡುಗಟ್ಟಿದೆ. ನಮ್ಮ ಅಂಗಡಿಯಲ್ಲಿ ಅಸಲಿ ಅಂತ ಇರುವುದು ಬಾಗಿಲ ಬೀಗ ಒಂದೇ — ಅಣ್ಣನದೇ ಜೋಕು.

ನಾನೇ ಬರೆದ ಗೇಮ್ ಮುಗಿಯಿತು. ನೆರೆ ಬಂದ ಹೊಳೆ, ದೋಣಿಯಲ್ಲಿ ಜನರನ್ನು ದಾಟಿಸಬೇಕು. ಅಣ್ಣ ಆಡಿದ, ಮುಳುಗಿದ, ಮತ್ತೆ ಆಡಿದ. ಚೆನ್ನಾಗಿದೆ ಎಂದ.

೭ ಮಾರ್ಚ್

ಲೇಬಲ್ ಅಚ್ಚಾಗಿ ಬಂತು. ನನ್ನ ಹೆಸರಿಲ್ಲ. ಯಾವುದೋ ಫಾರಿನ್ ಕಂಪನಿ — ಅಣ್ಣನ ಸೃಷ್ಟಿ. ಕೆಳಗೆ ‘ಭಾಗ ಮೂರು’. ಮೊದಲಿನವು ಎಲ್ಲಿ ಎಂದೆ. ಇವೆ ಅಂದುಕೊಂಡರೆ ತಾನೇ ಜನ ಕೊಳ್ಳುವುದು, ಎಂದ. ತಂಗಿ ಬರೆದದ್ದು ಅಂದರೆ ಯಾರೂ ಮೂಸಿಯೂ ನೋಡುವುದಿಲ್ಲವಂತೆ. ಇರಬಹುದು.

೨೨ ಮಾರ್ಚ್

ದೋಣಿ ಓಡುತ್ತಿದೆ. ಗಿರಾಕಿಗಳು ಭಾಗ ಒಂದು ಕೇಳುತ್ತಾರೆ. ಸ್ಟಾಕ್ ಇಲ್ಲ ಅನ್ನುತ್ತೇನೆ. ಈಗ ನಾಲಿಗೆ ತಡವರಿಸುವುದಿಲ್ಲ.

೧೬ ಏಪ್ರಿಲ್

ಎದುರಿನ ರೇಡಿಯೋ ರಿಪೇರಿಯವರು ‘ಭಾಗ ನಾಲ್ಕು’ ಮಾರುತ್ತಿದ್ದಾರೆ. ತರಿಸಿ ಹಾಕಿ ನೋಡಿದೆ. ನನ್ನದೇ ದೋಣಿ, ನನ್ನದೇ ಹೊಳೆ. ನೀರಿನ ಬಣ್ಣ ಮಾತ್ರ ಬೇರೆ.

ಅಣ್ಣ ಜಗಳಕ್ಕೆ ಹೊರಟ. ಹಿಂದೆಯೇ ಹೋದೆ. ಅಲ್ಲಿ ನಮ್ಮ ಗಿರಾಕಿಗಳೂ ಇದ್ದರು. ರೇಡಿಯೋದವರು ಸೋಲ್ಡರಿಂಗ್ ಐರನ್ ಕೆಳಗಿಟ್ಟರು.

“ಯಾರ ಮಾಲು ಕದ್ದೆ ಸ್ವಾಮಿ? ನಿಮ್ಮದಾ, ಆ ಫಾರಿನ್‌ನೋರದಾ?”

ಅಣ್ಣ ನನ್ನ ಕಡೆ ನೋಡಲಿಲ್ಲ.

“ಫಾರಿನ್‌ನೋರದು,” ಎಂದ.

ಮನೆಗೆ ಬಂದು ಉಂಡೆವು.

೧೭ ಏಪ್ರಿಲ್

ರೇಡಿಯೋದವರ ಅಂಗಡಿಗೆ ಒಬ್ಬಳೇ ಹೋದೆ. ಬರೆದವಳು ನಾನು ಎಂದೆ. ನಗುತ್ತಾರೆ ಅಂದುಕೊಂಡಿದ್ದೆ... ಸ್ಟೂಲ್ ಎಳೆದು ಕೊಟ್ಟರು.

“ನೆರೆ ಜಾಸ್ತಿಯಾದ್ರೆ ದೋಣಿ ದಡದೊಳಗೇ ಹೊಕ್ಕೊಂಡು ಕೂತುಬಿಡ್ತಿತ್ತಮ್ಮ. ಅದನ್ನ ಸರಿ ಮಾಡಿದೀನಿ. ಯಾರು ಬರೆದ್ರೋ, ಒಳ್ಳೆ ಕೈ ಅಂದ್ಕೊಂಡೆ.”

ಕದ್ದವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮುಂದಿನ ಗೇಮ್ ತಮಗೆ ಕೊಟ್ಟರೆ ನನ್ನ ಹೆಸರೇ ಹಾಕುತ್ತಾರಂತೆ. ಹೂಂ ಎಂದು ಬಂದೆ.

೨೦ ಏಪ್ರಿಲ್, ಭಾನುವಾರ

ಅಣ್ಣನಿಗೆ ಹೇಳಿದೆ. ಸಡಿಲವಾದ ಟೇಪನ್ನು ಪೆನ್ಸಿಲಿನಲ್ಲಿ ಸುತ್ತುತ್ತಾ ಕೂತ.

“ಆವತ್ತು ನಿನ್ನ ಹೆಸರು ನಾಲಿಗೆ ತುದೀಲೇ ಇತ್ತು ಕಣೆ.”

ತುದಿಯಲ್ಲಿದ್ದದ್ದು ಯಾರಿಗೂ ಕೇಳಿಸಲಿಲ್ಲ ಎಂದೆ.

೨೮ ಏಪ್ರಿಲ್, ಸಂಜೆ

ಹೊಸದು ಶುರು. ಮೊದಲ ಪರದೆಗೆ ನನ್ನ ಹೆಸರು ಟೈಪ್ ಮಾಡಿದೆ. ದೊಡ್ಡದಾಯಿತು ಅನಿಸಿತು. ಚಿಕ್ಕದು ಮಾಡಿದೆ. ಮತ್ತೆ ದೊಡ್ಡದು. ಅಣ್ಣ ಆಗಿನಿಂದ ಬಾಗಿಲಲ್ಲೇ ನಿಂತಿದ್ದಾನೆ. ಒಳಗೆ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಈಗ ಕೇಳುತ್ತಿದ್ದಾನೆ, ಇದನ್ನೂ ಮೊದಲು ನಾನೇ ಆಡಿ ನೋಡಲಾ ಎಂದು. ಸ್ಟೂಲ್ ಎಳೆದು ಕೊಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.