ಒಂಬತ್ತನೇ ದಿನಕ್ಕೆ ನಿಂತ ವರದಿ

ಮಾರ್ಚ್ ೧೪

ತಮ್ಮನಿಗೆ,

ನಿನ್ನ ಲಕೋಟೆ ಬಂದು ಮೂರು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ, ಮನಸ್ಸಿನಿಂದಲ್ಲ. ನಾವು ಇಲ್ಲಿ ಕ್ಷೇಮ.

ನೀನು ಕಳಿಸಿದ ವೈದ್ಯಕೀಯ ಪತ್ರಿಕೆಯಲ್ಲಿ ನಿನ್ನ ವರದಿಯನ್ನು ಆಸ್ಪತ್ರೆಯ ತೂಕದ ಯಂತ್ರದ ಪಕ್ಕ ನಿಂತೇ ಓದಿದೆ. ‘ಅರವತ್ತೆರಡು ವರ್ಷದ ಮಹಿಳೆ, ಕಾಲುಗಳಲ್ಲಿ ಊತ.’ ಎರಡನೇ ಸಾಲಿಗೇ ಅಮ್ಮನ ಗುರುತು ಸಿಕ್ಕಿತು. ಹೊಸ ಮಾತ್ರೆ ಕೊಟ್ಟೆ, ಒಂಬತ್ತನೇ ದಿನಕ್ಕೆ ಊತ ಇಳಿಯಿತು, ಆದ್ದರಿಂದ ಮಾತ್ರೆ ಕೆಲಸ ಮಾಡುತ್ತದೆ ಎಂದು ಬರೆದಿದ್ದೀಯ. ಅಲ್ಲಿಗೆ ವರದಿ ಮುಗಿದಿದೆ. ಅಮ್ಮ ಹದಿನಾರನೇ ದಿನ ಹೋದಳು ಕಣೋ. ಆ ಏಳು ದಿನಗಳನ್ನು ಎಲ್ಲಿ ಬಚ್ಚಿಟ್ಟೆ?

ಡಾಕ್ಟರಿಕೆ ಓದುತ್ತಿದ್ದಾಗ ಅಡುಗೆಮನೆಯಲ್ಲಿ ಕೂತು ನನಗೆ ಪಾಠ ಹೇಳಿದವನು ನೀನೇ. “ಅಕ್ಕಾ, ಒಬ್ಬ ರೋಗಿಯ ಕಥೆ ಬರೀ ಪ್ರಶ್ನೆ ಎತ್ತುತ್ತೆ, ಉತ್ತರ ಕೊಡಲ್ಲ. ಉತ್ತರ ಬೇಕಂದ್ರೆ ಚೀಟಿ ಎತ್ತಿ ಜನರನ್ನ ಎರಡು ಗುಂಪು ಮಾಡ್ಬೇಕು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ನೋಡೋಕೆ ಅದೇ ಥರ ಇರೋ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕೊಡೋರಿಗೂ ಗೊತ್ತಿರಬಾರದು,” ಎನ್ನುತ್ತಿದ್ದೆ.

ನರ್ಸ್ ಆಗಿ ಹನ್ನೊಂದು ವರ್ಷ ನಾನೂರು ಮನೆಗಳ ಮೆಟ್ಟಿಲು ಹತ್ತಿದ್ದೇನೆ, ಅದೇ ಜನರ ರಕ್ತದೊತ್ತಡವನ್ನು ವರ್ಷವರ್ಷವೂ ಬರೆದುಕೊಂಡಿದ್ದೇನೆ. ಇಷ್ಟಾದರೂ, ದಿನಾ ನಡೆಯುವವರಿಗೆ ಕಾಯಿಲೆ ಕಡಿಮೆ ಎನ್ನಬಲ್ಲೆನೇ ಹೊರತು ನಡೆದದ್ದರಿಂದಲೇ ಕಡಿಮೆ ಎನ್ನಲಾರೆ. ನೀನು ಒಬ್ಬಳನ್ನು ಒಂಬತ್ತು ದಿನ ನೋಡಿ ತೀರ್ಪು ಕೊಟ್ಟುಬಿಟ್ಟೆ. ನಾಚಿಕೆಯಾಗಲಿಲ್ಲವೇ?

ನಾನು ಫೋನಿನಲ್ಲಿ ಕೇಳಿದ್ದಕ್ಕೆ, “ಅಮ್ಮ ಹೋಗಿದ್ದು ಬೇರೆ ತೊಂದರೆಯಿಂದ, ಅದೆಲ್ಲ ನಿಂಗೆ ಅರ್ಥ ಆಗಲ್ಲ,” ಎಂದೆ. ಮಾತ್ರೆಯೇ ಕೊಂದಿತು ಎಂದು ನಾನೂ ಹೇಳುವುದಿಲ್ಲ. ಒಬ್ಬಳ ಕಥೆಯಿಂದ ಅದೂ ಸಾಬೀತಾಗದು. ಆದರೆ ನಡೆದದ್ದನ್ನು ಪೂರ್ತಿ ಬರೆದಿದ್ದರೆ ಓದಿದ ಡಾಕ್ಟರುಗಳಾದರೂ ಹುಷಾರಾಗಿರುತ್ತಿದ್ದರು.

ಹಾಸಿಗೆಯ ಪಕ್ಕ ಕೂತು ನಾನು ಬರೆದಿಟ್ಟಿದ್ದ ಹದಿನಾರು ದಿನಗಳ ವಿವರವನ್ನು ಸಂಪಾದಕರಿಗೆ ಕಳಿಸಿದೆ. ನಿನ್ನೆ ಉತ್ತರ ಬಂತು. ನಿನ್ನ ವರದಿಯನ್ನು ಹಿಂದಕ್ಕೆ ಪಡೆಯುತ್ತಾರಂತೆ. ನನ್ನ ಮೇಲೆ ಹಾರಾಡಬೇಕೆನಿಸಿದರೆ ಹಾರಾಡು.

ನಿನ್ನ ಹೆಂಡತಿಗೂ ಮಗಳಿಗೂ ಒಳ್ಳೆಯದಾಗಲಿ. ನಿನ್ನನ್ನು ಹರಸಲು ಮಾತ್ರ ಕೈ ಏಳುತ್ತಿಲ್ಲ.

ಅಕ್ಕ

ತಾ.ಕ.: ಆ ಹೊಸ ಮಾತ್ರೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅಮ್ಮ ಮೊದಲು ಒಲ್ಲೆ ಎಂದಿದ್ದಳು. ಅದು ನಿನಗೆ ಗೊತ್ತಿಲ್ಲ. “ಅವನು ಡಾಕ್ಟ್ರು, ಹೊಸದು ಅಂದ್ರೆ ಅವನಿಗೆ ಆಸೆ. ನೀನು ಹೇಳು, ನುಂಗ್ಲಾ?” ಎಂದು ನನ್ನ ಮುಖ ನೋಡಿದಳು. ನುಂಗಮ್ಮ ಎಂದೆ. ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗಿಟ್ಟವಳೂ ನಾನೇ.