ಘಾರಾಪುರಿಯ ಉಳಿದ ಕಥಿ

ಕುಬೇರನ ಅಪ್ಪಾರಿಗೆ,

ನೀವು ಹೊಲದಿಂದ ಬರೂದರಾಗ ನಾ ಗುಡಗೇರಿಯೊಳಗ ರೈಲು ಹತ್ತಿರತೀನಿ. ಬುಟ್ಟ್ಯಾಗ ರೊಟ್ಟಿ ಅದಾವ, ನೆಲುವಿನ ಮ್ಯಾಲ ಮೊಸರು. ಎಮ್ಮಿ ಹಿಂಡಾಕ ಮಲ್ಲಕ್ಕ ಬರತಾಳ. ಪಾಪ, ಆಕಿ ಮ್ಯಾಲ ಒದರಬ್ಯಾಡ್ರಿ.

ಸಂಶಿ ರಾಮಪ್ಪನ ಮಗನ ಜೋಡಿ ಮುಂಬಯಿಗೆ ಹೊಂಟೀನಿ. ದೋಣ್ಯಾಗ ಮಂದಿನ್ನ ಘಾರಾಪುರಿ ನಡುಗಡ್ಡಿಗೆ ಕರಕೊಂಡು ಹೋಗಿ ಗುಹಿ ತೋರಸೂ ನಮ್ಮ ಕುಬೇರನ ಕೆಲಸಾ ಈಗ ಆ ಹುಡುಗಽ ಮಾಡತಾನ.

ಯುಗಾದಿಗೆ ಬಂದಾಗ ಕುಬೇರ ನನಗ ಅಲ್ಲಿಯ ಮೂರು ಮುಖದ ಶಿವನ ಕಥಿ ಹೇಳಾಕ ಕುಂತಿದ್ದ. ಎರಡು ಮುಖದ್ದು ಮುಗಿದಿತ್ತು. ನೀವು, "ದೋಣ್ಯಾಗ ನಿಂತು ಒದರೂದೂ ಒಂದು ನೌಕರಿ ಏನಲೇ?" ಅಂದ್ರಿ. ಅವ ನಡುವ ನಿಲ್ಲಿಸಿ ಎದ್ದು ಹೋದ. ಶ್ರಾವಣದಾಗ ಕಾಮಾಲಿ ಆಗಿ ಮುಂಬಯಿಯೊಳಗಽ ತೀರಿಕೊಂಡ.

ಪುರಾಣ ಕೇಳಾಕ ಕುಂತಾಕಿ ಮಂಗಲ ಆಗೂ ಮಟಾ ಏಳಬಾರದು ಅಂತ ನಮ್ಮವ್ವ ಕಲಿಸ್ಯಾಳ. ಆ ಕಥಿ ಮುಗೀಲಾರದ ನನಗ ನಿದ್ದಿ ಹತ್ತವಲ್ದು. ಕುಬೇರ ಹ್ಯಾಂಗ ಹೇಳತಿದ್ದನೋ ಹಾಂಗಽ ಹೇಳತೀನಿ ಅಂತ ಆ ಹುಡುಗ ಮಾತು ಕೊಟ್ಟಾನ.

ನಿಮ್ಮ ಮ್ಯಾಲ ಸಿಟ್ಟಿಲ್ಲ. ಕೇಳಿಕೊಂಡು ಬಂದು ನಿಮಗೂ ಹೇಳತೀನಿ. ಮಗಂದಽ ಮಾತು ಅಂತ ತಿಳದು ಕೇಳ್ರಿ.